ರಂಗೋಲಿಯಲ್ಲಿ ಬಿಡಿಸಿದ ಇಳಿಜಾರು

ಆ ದಿನವೂ ಆರಕ್ಕೆ ಎದ್ದೆ. ಹಾಲು ಒಳಗಿಟ್ಟು, ಕುಕ್ಕರ್ ಏರಿಸಿ, ಅದು ಮೂರು ಸಲ ಕೂಗುವಷ್ಟರಲ್ಲಿ ಬಾಗಿಲ ಮುಂದೆ ಒರೆಸಿ ರಂಗೋಲಿ ಹಾಕಿ ಮುಗಿಸಿದೆ. ಅಹಮದಾಬಾದಿನ ನಮ್ಮ ಫ್ಲಾಟಿನ ಮೂರನೆಯ ಮಹಡಿಯಲ್ಲಿ ದಿನವೂ ರಂಗೋಲಿ ಹಾಕುವವಳು ನಾನೊಬ್ಬಳೇ. ಉಳಿದವರಿಗೆ ಅದು ದೀಪಾವಳಿಯ ಕೆಲಸ. ಕಾರಿಡಾರ್ ಕಿರಿದು, ಏಳು ಚುಕ್ಕೆಯದು ಹಾಕಿದರೆ ಗೋಡೆಯ ಪಕ್ಕ ಒಂದು ಗೇಣು ಜಾಗ ಉಳಿಯುತ್ತದೆ, ಅಷ್ಟೇ.

ಯಜಮಾನರು ಡಬ್ಬಿ ಹಿಡಿದು ತಮ್ಮ ಸಂಸ್ಥೆಯ ಬಸ್ಸಿಗೆ ಹೊರಟರು. ಅವರ ಹಿಂದೆಯೇ ಪಕ್ಕದ ಮನೆಯಾಕೆಯ ಅತ್ತೆಯವರು ದೇವಸ್ಥಾನಕ್ಕೆಂದು ಹೊರಬಂದರು. ಎರಡೂ ಮಂಡಿ ನೋವು ಅವರಿಗೆ. ರಂಗೋಲಿ ಕಂಡದ್ದೇ ನಿಂತರು. ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಗೋಡೆಗೆ ಎರಡೂ ಅಂಗೈ ಊರಿ, ಅಡ್ಡಡ್ಡಲಾಗಿ ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಆ ಒಂದು ಗೇಣಿನಲ್ಲಿ ದಾಟಿದರು. ದಾಟಿದ ಮೇಲೆ ನನ್ನ ಕಡೆ ತಿರುಗಿ ನಕ್ಕರು.

ನಾನು ಪುಡಿಯ ಡಬ್ಬಿ ಹಿಡಿದು ನಿಂತೇ ಇದ್ದೆ. ಇದನ್ನೇ ಮೂರು ವಾರದ ಹಿಂದೆ ಊರಿನ ಇನ್ನೊಂದು ತುದಿಯ ನರೋಡಾದಲ್ಲಿ ನೋಡಿದ್ದೆನಲ್ಲ! ನೋಡಿ, ತಪ್ಪಾಗಿ ಬರೆದುಕೊಂಡಿದ್ದೆ.

ವಾರಕ್ಕೆ ಮೂರು ದಿನ ನಾನೊಂದು ಆಫೀಸಿಗೆ ಹೋಗುತ್ತೇನೆ. ನವರಂಗಪುರದಲ್ಲಿ ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆ. ಎಂಜಿನಿಯರುಗಳು, ವಿನ್ಯಾಸಗಾರರು ಸೇರಿ ಏಳು ಜನ. ಕೇರಿಯ ಜನರನ್ನು ಕೇಳಿಕೊಂಡೇ ಅವರಿಗೆ ನಲ್ಲಿಕಟ್ಟೆ, ಶೌಚಾಲಯ, ಅಂಗನವಾಡಿ ಕಟ್ಟಿಸುವುದು ಅವರ ಕೆಲಸ. ಹೆಂಗಸರು ಹೇಳಿದ್ದನ್ನು ಬರೆದುಕೊಳ್ಳುವುದು ನನ್ನದು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ದುಂಡಗಿನ ಅಕ್ಷರ ಬಿಟ್ಟರೆ ನನಗೆ ಬೇರೆ ಅರ್ಹತೆಯಿಲ್ಲ.

ಕಟ್ಟುವ ಮೊದಲು ನಕ್ಷೆಯನ್ನು ನೆಲದ ಮೇಲೆ ನಿಜವಾದ ಅಳತೆಯಲ್ಲಿ ಸುಣ್ಣದ ಪುಡಿಯಿಂದ ಬರೆದು, ಜನರನ್ನು ಅದರೊಳಗೆ ಓಡಾಡಿಸುವುದು ಅಲ್ಲಿನ ಪದ್ಧತಿ. "ಕೇಳಿದ್ರೆ ಎಲ್ಲರೂ ಹೂಂ ಅಂತಾರೆ ಬೆನ್, ನಡೆಸಿ ನೋಡಬೇಕು" ಎನ್ನುತ್ತಾರೆ ನಮ್ಮ ಹಿರಿಯ ಎಂಜಿನಿಯರ್. ಬೆನ್ ಎಂದರೆ ಇಲ್ಲಿ ಅಕ್ಕ, ತಂಗಿ ಎಲ್ಲವೂ.

ನರೋಡಾದ ಒಂದು ಚಾಳಿನಲ್ಲಿ, ಸಾಲುಮನೆಗಳ ಕೇರಿಯಲ್ಲಿ, ಸಾರ್ವಜನಿಕ ಶೌಚಾಲಯ ಕಟ್ಟುವುದಿತ್ತು. ಅದರ ಮುಂಬಾಗಿಲಿನ ಇಳಿಜಾರು ಒಬ್ಬ ಹೆಂಗಸಿಗಾಗಿಯೇ ನಕ್ಷೆಯೊಳಗೆ ಬಂದಿತ್ತು. ಅವರಿಗೆ ಒಂದು ಕಾಲು ಸ್ವಾಧೀನವಿಲ್ಲ, ಊರುಗೋಲು. ಮನೆ ಸರಿಯಾಗಿ ಎದುರಿಗೇ. ಈಗಿರುವ ಶೌಚಾಲಯ ದೊಡ್ಡ ರಸ್ತೆಯ ಆಚೆ. ಅಷ್ಟು ದೂರ ಹೋಗಬೇಕಲ್ಲ ಎಂದು ಅವರು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಇದನ್ನು ಅವರು ನನಗೆ ಹೇಳಿದ್ದು ಅವರೆಕಾಯಿ ಸುಲಿಯುತ್ತ, ಬೇರೇನೋ ಮಾತಿನ ನಡುವೆ.

ನಕ್ಷೆ ಬರೆಯುವ ದಿನ ಸುಣ್ಣ ಮುಗಿದುಹೋಯಿತು. ಇಳಿಜಾರೊಂದೇ ಬಾಕಿ. ನನ್ನ ಚೀಲದಲ್ಲಿ ಆಗಷ್ಟೇ ಕೊಂಡ ರಂಗೋಲಿ ಪುಡಿ ಇತ್ತು. ನಾನೇ ಕೂತು ಬರೆದೆ. ಇಳಿಜಾರೆಂದು ತಿಳಿಯಲಿ ಅಂತ ಅಲೆಯ ಹಾಗೆ ಎಳೆ ಎಳೆದೆ. ಕೈ ನಿಲ್ಲಲಿಲ್ಲ, ನಾಲ್ಕು ಮೂಲೆಗೂ ಒಂದೊಂದು ಕಮಲ ಬಂತು. ಎಲ್ಲರೂ ಹೊಗಳಿದರು. ನಾನು ಹಿಗ್ಗಿದೆ.

ಆಮೇಲೆ ಹೆಂಗಸರು ನಡೆದಾಡಿದರು. ಒಬ್ಬರೂ ಇಳಿಜಾರಿನ ಕಡೆಯಿಂದ ಬರಲಿಲ್ಲ. ಎಲ್ಲರೂ ಚರಂಡಿಯ ಓಣಿಯಲ್ಲಿ ಸುತ್ತಿ ಹಿಂಬದಿಯಿಂದ ಒಳಹೊಕ್ಕರು. ಊರುಗೋಲಿನವರೂ ಹಾಗೇ ಬಂದರು. "ಹಿಂದೆಯೇ ಬಾಗಿಲು ಇಟ್ಟರೆ ಆಗುತ್ತಾ?" ಎಂದು ನಾನು ಕೇಳಿದ್ದಕ್ಕೆ ಅವರು, "ಚಾಲಶೇ" ಎಂದರು. ಚಾಲಶೇ ಎಂದರೆ ನಡೆಯುತ್ತೆ. ಅದನ್ನೂ ದುಂಡಗೆ ಬರೆದುಕೊಂಡೆ. ಬಾಗಿಲು, ಇಳಿಜಾರು ಎರಡೂ ಹಿಂದಕ್ಕೆ ಹೋದವು.

ಈಗ ಪುಡಿಯ ಡಬ್ಬಿ ಒಳಗಿಟ್ಟು ಹಿರಿಯ ಎಂಜಿನಿಯರಿಗೆ ಫೋನ್ ಮಾಡಿದೆ. ತಪ್ಪು ನನ್ನದು ಎಂದೆ. ಅವರು, "ಇವತ್ತು ಮುಂದಿನ ಗೋಡೆ ಮುಗೀತದೆ. ಆಟೋ ಹಿಡಿದು ಬನ್ನಿ" ಎಂದರು.

ನಾನು ತಲುಪುವಾಗ ಗೋಡೆ ಸೊಂಟದೆತ್ತರ ಬಂದಿತ್ತು. ಊರುಗೋಲಿನವರು ಮನೆಯ ಹೊಸ್ತಿಲಲ್ಲೇ ಕೂತಿದ್ದರು. ಆ ದಿನ ಮುಂದಿನಿಂದ ಯಾಕೆ ಬರಲಿಲ್ಲ ಎಂದು ಕೇಳಿದೆ.

"ಅದರ ಮೇಲೆ ಕಾಲಿಡೋದಾ? ತಲೆ ಕೆಟ್ಟಿದೆಯಾ ಬೆನ್ ನಿಮಗೆ?" ಎಂದು ನಕ್ಕುಬಿಟ್ಟರು. "ಕಮಲ ಬಿಡಿಸಿದ್ರಿ. ಅದರ ಮೇಲೆ ನನ್ನ ಕೋಲು ಕುಟ್ಟಿಕೊಂಡು ಹೋಗ್ಲಾ?"

"ಮತ್ತೆ ಕೇಳಿದಾಗ ಚಾಲಶೇ ಅಂದ್ರಲ್ಲ?"

"ಅಷ್ಟು ಜನ ಬಂದು ಕಟ್ಟಿಸಿಕೊಡ್ತಿದ್ದೀರಿ. ಆ ಚರಂಡಿ ಓಣಿಯಲ್ಲಿ ದಿನಾ ಕೋಲೂರಿ ಸುತ್ತೋಕೆ ಆಗಲ್ಲ ಅಂತ ಮುಖದ ಮೇಲೆ ಹೇಗೆ ಹೇಳ್ಲಿ?"

ಹಿರಿಯರು ಗೋಡೆಯ ಕೆಲಸ ನಿಲ್ಲಿಸಲು ಹೇಳಿದರು. "ನಿನ್ನೆ ಹಿಂದೆ, ಇವತ್ತು ಮುಂದೆ. ಇಟ್ಟಿಗೆಗೆ ಚಕ್ರ ಹಾಕಿಬಿಡಿ ಸಾಹೇಬ್, ತಳ್ಳಿಕೊಂಡು ತಿರುಗೋಣ" ಎಂದ ಮೇಸ್ತ್ರಿ. ಆದರೂ ಬಾಗಿಲಿನ ಅಗಲಕ್ಕೆ ಗೋಡೆ ಒಡೆದ. ಮುಂದೆ ಖಾಲಿ ಉಳಿಯಿತೆಂದು ಅಲ್ಲಿ ಆಗಲೇ ಕೇರಿಯ ನೀರಿನ ಟ್ಯಾಂಕಿಗೆ ಕಟ್ಟೆ ಕಟ್ಟಿಯಾಗಿತ್ತು. ಒಡೆದ ಮೇಲೆ ಅಳೆದು ನೋಡಿದಾಗ ಗೊತ್ತಾಯಿತು: ಇಳಿಜಾರಿಗೆ ಬೇಕಾದ ಉದ್ದ ಇನ್ನು ಸಿಗುವುದಿಲ್ಲ.

ಸಿಕ್ಕಷ್ಟು ಜಾಗದಲ್ಲಿ ಹಲಗೆ ಓರೆಯಾಗಿಟ್ಟು ಅವರನ್ನು ಹತ್ತಿಸಿ ನೋಡಿದೆವು. ನಡುವೆ ಒಮ್ಮೆ ನಿಂತರು. ಊರುಗೋಲು ಜಾರಿತು, ನಾನು ತೋಳು ಹಿಡಿದೆ. ಮೇಲೆ ತಲುಪಿದಾಗ ಅವರ ಮೇಲ್ತುಟಿಯ ಮೇಲೆ ಬೆವರಿತ್ತು.

"ಇಳಿಜಾರು ತುಂಬಾ ಕಡಿದಾಯ್ತು," ಎಂದರು ಹಿರಿಯರು, ಟೇಪು ಸುತ್ತುತ್ತ.

"ಹಿಡ್ಕೊಳ್ಳೋಕೆ ಒಂದು ಪೈಪ್ ಹಾಕಿಸಿ. ಚಾಲಶೇ" ಎಂದರು ಆಕೆ.

ಈ ಸಲ ನಾನು ಬರೆದುಕೊಳ್ಳಲಿಲ್ಲ. ಅವರ ಪಕ್ಕ ಕೂತು, "ನಿಜ ಹೇಳಿ" ಎಂದೆ. ಅವರು ಊರುಗೋಲಿನಿಂದ ಹಲಗೆಯನ್ನು ಒಮ್ಮೆ ತಟ್ಟಿದರು. ಆಮೇಲೆ ಮೆಲ್ಲಗೆ ಹೇಳಿದರು: "ಹಗಲು ಯಾರಾದರೂ ಕೈ ಕೊಡ್ತಾರೆ. ಕತ್ತಲಾದ ಮೇಲೆ ಒಬ್ಬಳೇ ಆಗಲ್ಲ."

ಹಾಗಾದರೆ ಮಧ್ಯಾಹ್ನದ ಮೇಲೆ ನೀರು ಕುಡಿಯುವುದು? ಕೇಳಬೇಕೆಂದಿದ್ದೆ, ಕೇಳಲಿಲ್ಲ. ಟ್ಯಾಂಕಿನ ಕಟ್ಟೆಯನ್ನು ಕೇರಿಯವರು ಬಿಟ್ಟುಕೊಡುತ್ತಾರೋ ಎಂದು ನಾಳೆ ಸಭೆ ಕರೆಯುವುದೆಂದಾಯಿತು. ಬಿಟ್ಟುಕೊಡುತ್ತಾರೆಂದು ನನಗೆ ಅನ್ನಿಸಲಿಲ್ಲ. ನೀರೂ ಎಲ್ಲರಿಗೂ ಬೇಕಲ್ಲ.

ಮನೆ ತಲುಪುವಾಗ ಐದೂವರೆ. ಪಕ್ಕದ ಮನೆಯಾಕೆ ತಮ್ಮ ಬಾಗಿಲಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದರು. ನಾನು ಬೀಗದ ಕೈ ಹುಡುಕುತ್ತಿದ್ದಾಗ, ಸೊಪ್ಪಿನಿಂದ ತಲೆ ಎತ್ತದೆಯೇ ಹೇಳಿದರು:

"ನಿಮ್ಮ ರಂಗೋಲಿ ನೋಡಿ ಬೆನ್, ಬೆಳಿಗ್ಗೆ ಹಾಕಿದ ಹಾಗೇ ಇದೆ. ನಮ್ಮತ್ತೆ ನಾಲ್ಕು ಸಲ ಹೋಗಿ ಬಂದ್ರು, ಒಂದು ಎಳೆ ಅಳಿಸಿಲ್ಲ."