ಶಾಮಿಯಾನದಣ್ಣನ ಗೇರ್ ಬೀಳದ ಗಾಡಿ

ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಒಮ್ಮೆ ಮೂಗಿಗೆ ಹತ್ತಿತೆಂದರೆ ಊಟದ ಹೊತ್ತಿಗೂ ಬಿಡುವುದಿಲ್ಲ. ಇವತ್ತು ಬೆಳಿಗ್ಗೆ ಜಲ್ಲಿ ಹೇರಿಕೊಂಡ ಪಿಕಪ್ ಒಂದು ನಮ್ಮ ಗ್ಯಾರೇಜಿನ ಮುಂದಿನ ಏರು ಹತ್ತಲಾರದೆ ನಿಂತಿತು. ಡ್ರೈವರು ಅರ್ಧ ಕ್ಲಚ್ಚಿನಲ್ಲೇ ಒದ್ದಾಡಿ ಹೊಗೆ ಎಬ್ಬಿಸಿದ್ದ. ರಿಪ್ಪನ್‌ಪೇಟೆಯಲ್ಲಿ ಇಷ್ಟು ವರ್ಷ ಗ್ಯಾರೇಜ್ ನಡೆಸಿದವನಿಗೆ ಅದೇನು ಹೊಸದಲ್ಲ. ಆದರೆ ಆ ವಾಸನೆ ಬಂದಾಗಲೆಲ್ಲ ನನಗೆ ಶಾಮಿಯಾನದಣ್ಣ ನೆನಪಾಗುತ್ತಾರೆ... ವಿಚಿತ್ರವೆಂದರೆ, ಅವರ ಗಾಡಿಯಿಂದ ಈ ವಾಸನೆ ಒಂದು ದಿನವೂ ಬಂದದ್ದಿಲ್ಲ.

ಶಾಮಿಯಾನ ಅವರದಲ್ಲ, ಗಾಡಿ ಮಾತ್ರ ಅವರದು. ಮದುವೆಯೋ ಗೃಹಪ್ರವೇಶವೋ, ಸಾಗರದಿಂದ ತೀರ್ಥಹಳ್ಳಿಯವರೆಗೆ ಎಲ್ಲಿ ಚಪ್ಪರ ಏಳಬೇಕಾದರೂ ಕಂಬ, ಕುರ್ಚಿ, ಅಡುಗೆಯ ದೊಡ್ಡ ಪಾತ್ರೆಗಳನ್ನು ಹೇರಿಕೊಂಡು ಹೊರಡುತ್ತಿದ್ದರು. ಅರ್ಧ ಆಯುಷ್ಯ ಬೇರೆಯವರ ಲಾರಿ ಓಡಿಸಿ, ಕೊನೆಗೆ ಸ್ವಂತದ್ದು ಅಂತ ಆ ಪಿಕಪ್ ತೆಗೆದುಕೊಂಡಿದ್ದರು. ರಸ್ತೆಗಿಳಿದ ಮೇಲೆ ಅದರ ಸ್ಟಿಯರಿಂಗನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಗಾಡಿ ತೊಳೆಯುವಷ್ಟು ಚೆಂದ ಮೈ ತೊಳೆದುಕೊಳ್ಳುವುದಿಲ್ಲ ಎಂದು ಅವರ ಹೆಂಡತಿ ನಮ್ಮೆದುರೇ ಹಂಗಿಸುತ್ತಿದ್ದರು. ಅಣ್ಣ ನಗುತ್ತಿದ್ದರು.

ಒಂದು ಮಳೆಗಾಲ ಬಂದು, "ಗೇರೇ ಬೀಳ್ತಿಲ್ಲ ಮಾರಾಯ, ಎಂತಾಗಿದೆ ನೋಡು" ಅಂದರು. ನೋಡಿದರೆ ಕಾಲಡಿಯಲ್ಲಿ ಗೋಣಿಚೀಲ. ನಮ್ಮ ಕಡೆ ಕೆಸರುಕಾಲು ಒರೆಸಲು ಎಲ್ಲರೂ ಕ್ಯಾಬಿನ್ನಿನಲ್ಲಿ ಗೋಣಿ ಹಾಸುತ್ತಾರೆ. ಅದು ಮುದುಡಿ ಪೆಡಲಿನ ಅಡಿಗೆ ಸೇರಿತೆಂದರೆ ಕ್ಲಚ್ ಪೂರ್ತಿ ಕೆಳಗೆ ಹೋಗುವುದಿಲ್ಲ. ಪೂರ್ತಿ ಒತ್ತದೆ ಗೇರ್ ಹಾಕಿದರೆ ಹಲ್ಲಿಗೆ ಹಲ್ಲು ತಾಗಿ ಕರ್ರೆನ್ನುತ್ತದೆ. ನಾನು ಗೋಣಿ ಎಳೆದು ಬಿಸಾಡಿ, ಚಾ ಕುಡಿಸಿ ಕಳಿಸಿದೆ.

ಮತ್ತೆ ಬಂದರು. ಎಂಜಿನ್ ನಿಲ್ಲಿಸಿ ಗೇರ್ ಹಾಕಿ ನೋಡಿದೆ, ಸಲೀಸಾಗಿ ಬಿತ್ತು. ಅಂದರೆ ಗೇರ್‌ಬಾಕ್ಸಿನದು ತಪ್ಪಿಲ್ಲ, ಕ್ಲಚ್ಚಿನದೇ ಇರಬೇಕು. ಕ್ಲಚ್ ಸಿಲಿಂಡರಿನ ಬುಡ ತುಸು ಒದ್ದೆಯಾಗಿತ್ತು. ಕ್ಲಚ್ ಆಯಿಲ್ ಸೋರಿದರೂ ಹೀಗೇ ಆಗುತ್ತದೆ, ಪೆಡಲ್ ಒತ್ತಿದ್ದು ಪ್ಲೇಟಿನವರೆಗೆ ಮುಟ್ಟುವುದಿಲ್ಲ. ಸೀಲ್ ಬದಲಿಸಿ, ಪೈಪಿನ ಗಾಳಿ ತೆಗೆದು ಕೊಟ್ಟೆ. ಕೆಲವೇ ದಿನಗಳಲ್ಲಿ ಮತ್ತೆ ಅದೇ ರಾಗ. ಈ ಸಲ ಅವರೇ ಹಟ ಹಿಡಿದು ಗೇರ್‌ಬಾಕ್ಸ್ ಇಳಿಸಿ ಹೊಸ ಪ್ಲೇಟ್ ಹಾಕಿಸಿದರು. ಹಳೆಯದಕ್ಕೆ ಇನ್ನೂ ಆಯುಷ್ಯವಿತ್ತು. ಬೇಡ ಅಣ್ಣಾ ಎಂದರೂ ಕೇಳಲಿಲ್ಲ.

ಅದಾದ ಮೇಲೂ ಬಂದರಲ್ಲ, ಆಗ ನನಗೆ ತಲೆ ಕೆಟ್ಟುಹೋಯಿತು. ಗ್ಯಾರೇಜಿನ ಅಂಗಳದಲ್ಲಿ ನಾನು ಓಡಿಸಿ ನೋಡಿದರೆ ಗೇರ್ ಸದ್ದಿಲ್ಲದೆ ಬೀಳುತ್ತದೆ, ಅವರು ಓಡಿಸಿದರೆ ಕರ್ರೆನ್ನುತ್ತದೆ. "ನೀವೇ ಓಡ್ಸಿ ಅಣ್ಣಾ, ನಾನು ಪಕ್ಕ ಕೂರ್ತೀನಿ" ಎಂದೆ. ಹೊಸನಗರದ ರಸ್ತೆಗೆ ಹೊರಟೆವು. ಅವತ್ತು ನಾನು ಗೇರಿನ ಕಡೆ ನೋಡಲೇ ಇಲ್ಲ, ಅವರ ಕಾಲನ್ನು ನೋಡುತ್ತ ಕೂತೆ.

ಏರಿನಲ್ಲಿ ಒಂದು ತಿರುವು ಬಂತು. ಗೇರ್ ಇಳಿಸಬೇಕು. ಅಣ್ಣ ಎಡಗಾಲನ್ನು ಪೆಡಲಿನ ಮೇಲಿಟ್ಟರು. ಪೆಡಲ್ ಅರ್ಧಕ್ಕೇ ನಿಂತಿತು. ಆಗ ಅವರು ಬಲಗೈಯನ್ನು ಸ್ಟಿಯರಿಂಗಿನಿಂದ ತೆಗೆದು ತಮ್ಮ ಎಡ ಮೊಣಕಾಲನ್ನು ಅದುಮಿದರು, ಎಡಗೈಯಲ್ಲಿ ಗೇರ್ ಎಳೆದರು. ಆ ಒಂದು ಗಳಿಗೆ, ತಿರುವಿನಲ್ಲಿ, ಸ್ಟಿಯರಿಂಗ್ ಯಾರ ಕೈಯಲ್ಲೂ ಇರಲಿಲ್ಲ. ತಿರುವು ದಾಟಿದ ಮೇಲೆ ಬದಿಗೆ ಹಾಕಲು ಹೇಳಿದೆ.

ಗಾಡಿ ನಿಂತಿತು. ಆಮೇಲೆ ಅವರೇ ಶುರು ಮಾಡಿದರು. "ಚಪ್ಪಲಿ ಜಾರಿದ್ರೂ ಗೊತ್ತಾಗಲ್ಲ ಮಾರಾಯ ಈಗೀಗ. ಆದ್ರೂ ಗಾಡೀದೇ ಇರ್ಬಹುದು ಅಲ್ವಾ? ಎಂತ ಹಾಳಾಗಿದ್ರೂ ಹಾಕ್ಸಾಣ."

"ಗಾಡಿ ಸರಿ ಇದೆ ಅಣ್ಣಾ."

ಆ ಮಾತು ಕೇಳಿ ಖುಷಿಪಡದ ಗಿರಾಕಿಯನ್ನು ನಾನು ನೋಡಿದ್ದೇ ಇಲ್ಲ. ಅವರು ಮಾತ್ರ ತಲೆ ತಗ್ಗಿಸಿದರು. "ಕುಣಿಯಕ್ಕೆ ಬಾರದವ್ರು ನೆಲ ಡೊಂಕು ಅಂದಂಗಾಯ್ತು ನಂದು" ಎಂದು ನಗಲು ನೋಡಿದರು. ನಗು ಬರಲಿಲ್ಲ. ಕೀ ತಿರುಗಿಸಿ ಎಂಜಿನ್ ನಿಲ್ಲಿಸಿ, ಬಾಗಿಲು ತೆಗೆದು ಇಳಿದು, ಬಾನೆಟ್ ಹಿಡಿದುಕೊಂಡೇ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತರು. ಸ್ವಂತ ಗಾಡಿಯಲ್ಲಿ ಆ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲು. ನಾನು ಓಡಿಸಿಕೊಂಡು ಬಂದೆ. ಗೇರ್ ಹಾಕಿದಾಗಲೆಲ್ಲ ಅದು ಸದ್ದು ಮಾಡದೆ ಬೀಳುತ್ತಿತ್ತು, ನನಗೆ ಅದೇ ಹಿಂಸೆಯಾಗುತ್ತಿತ್ತು.

ಶಿವಮೊಗ್ಗದಲ್ಲಿ ತೋರಿಸಿದರು, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೂ ಹೋಗಿ ಬಂದರು. ನರದ ಕಾಯಿಲೆ, ವಾಸಿಯಾಗುವ ಜಾತಿಯದಲ್ಲ ಎಂದರಂತೆ. ಪಿಕಪ್ಪನ್ನು ತೀರ್ಥಹಳ್ಳಿ ಹತ್ತಿರದ ಮೇಳಿಗೆ ಊರಿನವರೊಬ್ಬರು ಕೊಂಡರು. ಅಣ್ಣನ ಎಡಗಾಲಿನ ಹಿಂದೆ ಬಲಗಾಲೂ ಹೋಯಿತು, ಆಮೇಲೆ ಕೈ, ಆಮೇಲೆ ಮಾತೂ ತೊದಲತೊಡಗಿತು...

ಮತ್ತೊಂದು ಮಳೆಗಾಲದಲ್ಲಿ ಕೊನೆಯ ಸಲ ನೋಡಲು ಹೋದಾಗ ಜಗಲಿಯಲ್ಲಿ ಮಲಗಿಸಿದ್ದರು. ನನ್ನನ್ನು ಕಂಡವರೇ ಒಂದೊಂದೇ ಶಬ್ದ ಕೂಡಿಸಿಕೊಂಡು ಕೇಳಿದರು. "ಗಾಡಿ... ಹೆಂಗಿದೆ? ಗೇರ್ ಬೀಳ್ತದಾ?"

ಹಿಂದಿನ ವಾರವಷ್ಟೇ ಆ ಗಾಡಿ ನನ್ನ ಹತ್ತಿರ ಸರ್ವಿಸಿಗೆ ಬಂದಿತ್ತು. ಕೊಂಡವರು ಗೇರನ್ನೇ ಹೊಗಳಿ ಹೋಗಿದ್ದರು.

"ಎಲ್ಲಿ ಅಣ್ಣಾ, ಇನ್ನೂ ಹಾಗೇ ಇದೆ. ಗೇರ್ ಗಟ್ಟಿ ಅಂತ ತಗೊಂಡವ್ರು ಬೈತಿದಾರೆ."

ಅವರ ಕಣ್ಣು ಬೆಳಗಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ಕತ್ತು ಹೊರಳಿಸಿ, "ಕೇಳಿದ್ಯಾ?" ಎಂದರು. ಆಸ್ಪತ್ರೆಗೆಲ್ಲ ಜೊತೆಗೆ ತಿರುಗಿದ ಹೆಂಗಸು, ಅವರಿಗೆ ಗೊತ್ತಿಲ್ಲದ್ದು ಏನಿತ್ತು? ಸೆರಗಿನಲ್ಲಿ ಮುಖ ಒರೆಸಿಕೊಂಡು, "ಹೌದು, ಆ ಗಾಡಿ ಮೊದ್ಲಿಂದ್ಲೂ ಹಂಗೇಯ" ಎಂದರು. ಆ ಮಳೆಗಾಲ ಮುಗಿಯುವ ಮೊದಲೇ ಅಣ್ಣ ಹೋದರು.

ಈಗಲೂ ಯಾರಾದರೂ ಗೇರ್ ಗಟ್ಟಿ ಎಂದು ಬಂದರೆ, ಗಾಡಿ ಬಿಚ್ಚುವವರೆಗೆ ನನಗೆ ಸಮಾಧಾನವಿಲ್ಲ. ಒಳಗೆ ಪ್ಲೇಟ್ ಸವೆದದ್ದು ಕಂಡರೆ ಗಿರಾಕಿಯ ಮುಖ ಬಾಡುತ್ತದೆ, ನನಗೆ ಮಾತ್ರ ಉಸಿರು ಬರುತ್ತದೆ. ಅಣ್ಣನಿಗೂ ಹಾಗೆ ಒಂದು ಸವೆದ ಪ್ಲೇಟ್ ತೆಗೆದು ಕೈಯಲ್ಲಿಟ್ಟು, ಇದೇ ನೋಡಿ ಹಾಳಾಗಿದ್ದು ಎನ್ನಲು ನನಗೆ ಆಗಲಿಲ್ಲ.