ಕೊನೆಯ ನಾಲ್ಕು ಸೆಕೆಂಡುಗಳ ತೀರ್ಪು

ಮಂಗಳೂರಿನಲ್ಲಿ ಬಾಸ್ಕೆಟ್‌ಬಾಲ್ ಇನ್ನೂ ಮಣ್ಣಿನ ಅಂಗಣದ ಆಟವಾಗಿದ್ದ ಕಾಲದಿಂದ ಅದನ್ನು ಕಲಿಸುತ್ತ ಬಂದು, ಇಪ್ಪತ್ತೆಂಟು ವರ್ಷಗಳ ಸೇವೆಯ ಬಳಿಕ ಈ ೧೯೬೮ರಲ್ಲಿ ನಿವೃತ್ತರಾಗುತ್ತಿರುವ ವ್ಯಾಯಾಮ ಶಿಕ್ಷಕ ಶ್ರೀ ರಾಫೆಲ್ ಮಾಸ್ತರರನ್ನು ಈ ಅಭಿನಂದನ ಸಂಪುಟದಲ್ಲಿ ಯಾರಾದರೂ ಶಾಂತಮೂರ್ತಿಯೆಂದು ಬಣ್ಣಿಸಿದ್ದರೆ ಅದು ಶುದ್ಧ ಸುಳ್ಳು. ಮಾಸ್ತರರು ಕೋಪಿಷ್ಠರು. ಬೆಂಗರೆಯಿಂದ ಹೊಳೆ ದಾಟಿ ಬರುತ್ತಿದ್ದ ಮೀನುಗಾರರ ಮನೆಯ ಯಾದವನಿಗೆ ದಿನವೂ ತಮ್ಮ ಬುತ್ತಿಯಲ್ಲಿ ಪಾಲು ಕೊಟ್ಟವರೂ ಅವರೇ. ಅವನನ್ನು ನೂರಾರು ಜನರೆದುರು ಅವಮಾನಿಸಿದವರೂ ಅವರೇ.

ಅದು ೧೯೫೯ರ ಜಿಲ್ಲಾ ಫೈನಲ್. ಒಂದು ಅಂಕದ ಹಿನ್ನಡೆ, ಉಳಿದದ್ದು ನಾಲ್ಕು ಸೆಕೆಂಡು, ಚೆಂಡು ಯಾದವನ ಕೈಯಲ್ಲಿ. ಮಾಸ್ತರರು ಬೆಂಚಿನಿಂದ ಎದ್ದು "ಶೂಟ್!" ಎಂದು ಕಿರುಚಿದರು. ಯಾದವ ಚೆಂಡನ್ನು ಜೊತೆ ಆಟಗಾರ ಕಬೀರನಿಗೆ ಕೊಟ್ಟ. ಕಬೀರನ ಎಸೆತ ಬುಟ್ಟಿಯ ಬಳೆಗೆ ತಾಗಿ ಹೊರಬಿತ್ತು.

"ನೀನು ಹೆದರಿದ್ದು ಮಾರಾಯ! ಶೂಟ್ ಮಾಡ್ಲಿಕ್ಕೆ ನಿಂಗೆ ಎಂತ ಆಗಿತ್ತು?"

ನೂರಾರು ಜನರೆದುರು ಮಾಸ್ತರರು ಯಾದವನ ಮೇಲೆ ಹರಿಹಾಯ್ದರು. ಜಿಲ್ಲಾ ತಂಡದ ಆಯ್ಕೆ ಸಮಿತಿಯಲ್ಲಿದ್ದ ಮಾಸ್ತರರು ಅದೇ ಸಿಟ್ಟಿನಲ್ಲಿ ಅವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿಸಿದರು.

ಮರುದಿನ ಕಬೀರ್ ಬಂದು ನಿಂತ. "ಸರ್, ತಪ್ಪಿದ್ದು ನನ್ನ ಕೈ. ಅದು ಬಿದ್ದಿದ್ರೆ ನೀವು ಯಾದವನಿಗೆ ಎಂತ ಹೇಳ್ತಿದ್ರಿ?"

ಮಾಸ್ತರರು ಅವನನ್ನೂ ಗದರಿಸಿ ಕಳಿಸಿದರು. ಆದರೆ ಮಾತು ಒಳಗೇ ಕೊರೆಯಿತು. ಸಂಜೆ ಹುಡುಗರನ್ನೆಲ್ಲ ಫೈನಲ್ಲಿನ ಆ ಕೊನೆಯ ಕ್ಷಣದಲ್ಲಿ ಇದ್ದಲ್ಲೇ ನಿಲ್ಲಿಸಿ, ಯಾದವನ ಜಾಗದಲ್ಲಿ ತಾವೇ ಚೆಂಡು ಹಿಡಿದು ನಿಂತರು. ಎದುರಿಗೆ ಎತ್ತಿದ ನಾಲ್ಕು ಕೈ. ಬುಟ್ಟಿಯ ಬುಡದಲ್ಲಿ ಯಾರ ಕಾವಲೂ ಇಲ್ಲದೆ ಕಬೀರ್ ಒಂಟಿ. ಹತ್ತು ಸಲ ಎಸೆದರು. ಒಂದೂ ಆ ಕೈಗಳನ್ನು ದಾಟಲಿಲ್ಲ. ಚೆಂಡನ್ನು ನೆಲಕ್ಕೆ ಬಡಿದು ನೇರವಾಗಿ ಸಮಿತಿಯ ಅಧ್ಯಕ್ಷರ ಮನೆಗೆ ನಡೆದರು.

"ಗೆದ್ದಿದ್ರೆ ಬೇರೆ ಮಾತು ಮಾಸ್ಟ್ರೇ. ಸೋತದ್ದನ್ನು ಊರೇ ನೋಡಿದೆ," ಎಂದರು ಅಧ್ಯಕ್ಷರು.

"ಊರು ನೋಡಿದ್ದು ಸ್ಕೋರು! ಅವನು ಮಾಡಿದ್ದು ಸರಿ ಉಂಟು. ನಿನ್ನೆ ನೋಡ್ಲಿಕ್ಕೆ ಬಾರದ್ದು ನನಗೆ, ಈಗ ನಿಮಗೆ!"

ಪಟ್ಟಿ ಬದಲಾಗಲಿಲ್ಲ. ಮಾಸ್ತರರು ಸಮಿತಿಗೆ ರಾಜೀನಾಮೆಯನ್ನು ಅಲ್ಲೇ ಬರೆದೆಸೆದು ಬಂದರು. ಮರುದಿನ ಪ್ರಾರ್ಥನೆಗೆ ಸೇರಿದ ಇಡೀ ಶಾಲೆಯೆದುರು ನಿಂತು, ಬೈದಷ್ಟೇ ಗಟ್ಟಿ ದನಿಯಲ್ಲಿ, "ಯಾದವ ಸರಿಯಾಗಿ ಆಡಿದ್ದಾನೆ. ತಪ್ಪು ನನ್ನದು," ಎಂದರು.

"ಅದು ನನಗೆ ಆವತ್ತೇ ಗೊತ್ತಿತ್ತು ಸರ್," ಎಂದ ಯಾದವ. ಪರೀಕ್ಷೆ ಮುಗಿಸಿ ತಂದೆಯ ದೋಣಿಗೆ ಹೋದ. ಮತ್ತೆ ಅಂಗಣಕ್ಕೆ ಬರಲಿಲ್ಲ.

ಅಂದಿನಿಂದ ಕೊನೆಯ ಗಳಿಗೆಯಲ್ಲಿ ಮಾಸ್ತರರು ಬೆಂಚಿನಿಂದ ಕೂಗಿದವರಲ್ಲ. ಆಟ ಮುಗಿದ ಮೇಲೆ ಆಟಗಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಿನಗೆ ಎಂತ ಕಾಣ್ತಿತ್ತು?" ಎಂದು ಮೊದಲು ಕೇಳುತ್ತಿದ್ದರು. ಆ ಪಟ್ಟಿಯನ್ನು ತಿದ್ದಬೇಕೆಂದು ವರ್ಷಕ್ಕೊಂದು ಪತ್ರವನ್ನೂ ಜಿಲ್ಲಾ ಸಂಘಕ್ಕೆ ಬರೆಯುತ್ತಲೇ ಬಂದಿದ್ದಾರೆ. ಒಂಬತ್ತು ಪತ್ರಗಳಿಗೂ ಉತ್ತರವಿಲ್ಲ.

ಪೂಜ್ಯ ಮಾಸ್ತರರಿಗೆ ದೀರ್ಘಾಯುಷ್ಯವಿರಲಿ, ಆರೋಗ್ಯವಿರಲಿ. ಮನಶ್ಶಾಂತಿಯನ್ನು ಮಾತ್ರ ನಾವು ಹಾರೈಸಲಾರೆವು. ಹತ್ತನೆಯ ಪತ್ರವನ್ನು ಅವರು ಇನ್ನೂ ಬರೆಯಬೇಕಾಗಿದೆ.