ಗವಸಿನೊಳಗಿನ ಚಂಡೂಲ

ಗೆಳೆಯರೇ, ಇವತ್ತು ಬೆಳಿಗ್ಗೆ ಕೊಪ್ಪಳದ ಚಹಾದಂಗಡಿಯಲ್ಲಿ ಎರಡು ಹಕ್ಕಿಗಳ ಹಾಡಿನ ಪಂದ್ಯವಾಯಿತು. ಅಂಗಡಿಯ ವೀರಭದ್ರಪ್ಪನವರದು ನಿಜಾಮರ ರಾಜಧಾನಿ ಹೈದರಾಬಾದಿನಿಂದ ರೈಲಿನಲ್ಲಿ ತರಿಸಿದ ಚಂಡೂಲ: ಬೂದು ಮೈ, ಎದೆ ತುಂಬ ಗೀರು, ಎತ್ತರದ ಜುಟ್ಟು. ಯಲಬುರ್ಗಾ ಕಡೆಯ ರೈತ ಹನುಮಗೌಡರದು ನಮ್ಮ ಹೊಲಗಳ ಚಂಡೂಲ: ತುಸು ಚಿಕ್ಕದು, ಮೈ ಕೆಂಪು, ಗೀರು ಕಡಿಮೆ. ಗೆದ್ದ ಹಕ್ಕಿ ಮುಂದಿನ ಸಂತೆಯವರೆಗೆ ಅಂಗಡಿಯ ಬಾಗಿಲಲ್ಲಿ ತೂಗಬೇಕೆಂದು ಮಾತಾಗಿತ್ತು.

ಬೇರೆ ಹಕ್ಕಿಗಳ ದನಿಯನ್ನೆಲ್ಲ ಅನುಕರಿಸಿ ಹಾಡುವ ಚಂಡೂಲವನ್ನು ಪಂಜರಕ್ಕೆ ಬಿಳಿ ಗವಸು ಹಾಕಿಯೇ ಹಾಡಿಸುವುದು ಪದ್ಧತಿ. ಮೋಸ ಬೇಡವೆಂದು, ಇಬ್ಬರಿಗೂ ಕಾಣದಂತೆ ನಾನೇ ಪಂಜರಗಳನ್ನು ಅದಲುಬದಲು ಮಾಡಿ ತೂಗುಹಾಕಿದೆ.

ಎಡಗಡೆಯದು ಶುರುಮಾಡಿತು. ಹದ್ದಿನ ಸಿಳ್ಳು, ಗುಬ್ಬಿಯ ಚಿಲಿಪಿಲಿ, ಗೀಜಗನ ಗದ್ದಲ, ಒಂದಾದ ಮೇಲೊಂದು. ಬಲಗಡೆಯದು ಉಸಿರೆತ್ತಲಿಲ್ಲ.

"ಕೇಳ್ರಿ ಗೌಡ್ರ, ಇದಕ್ಕಂತಾರ ಖಾನ್‌ದಾನಿ ಗಂಟಲಾ! ನಿಮ್ಮ ಹೊಲದ ಹಕ್ಕಿ ನಾಚಿ ಕುಂತೈತಿ ನೋಡ್ರಿ," ಎಂದರು ವೀರಭದ್ರಪ್ಪ.

"ಮೊದಲ ಗವಸು ತಗೀರಿ," ಎಂದರು ಗೌಡರು.

ತೆಗೆದೆ. ಹಾಡುತ್ತಿದ್ದದ್ದು ಹೊಲದ ಕೆಂಪು ಹಕ್ಕಿ. ಹೈದರಾಬಾದಿನದು ನವಣೆ ತಿನ್ನುತ್ತಿತ್ತು.

ಅಂಗಡಿ ತುಂಬ ನಗು. ವೀರಭದ್ರಪ್ಪ ಚಹಾ ಸೋಸುತ್ತಲೇ, "ಹಾಡಿದ್ದು ನಿಮ್ಮದು, ಖರೆ. ಆದ್ರ ಕಲಿಸಿದ್ದು ನಮ್ಮ ಹಕ್ಕಿ," ಎಂದರು.

"ಹೌದ್ರೀ, ಭಾಳ ದೊಡ್ಡ ಉಸ್ತಾದ," ಎಂದರು ಗೌಡರು. "ಒಂದ್ ಸಲನೂ ಬಾಯಿ ಬಿಡದ ಕಲಿಸೇತಿ."

ಸಂಜೆ ಹೋದಾಗ ಬಾಗಿಲಲ್ಲಿ ಗೌಡರ ಪಂಜರವೇ ತೂಗುತ್ತಿತ್ತು. ಬಂದ ಗಿರಾಕಿಗಳಿಗೆಲ್ಲ ವೀರಭದ್ರಪ್ಪನವರು, "ಇದು ನಮ್ಮ ಹಕ್ಕಿಯ ಶಿಷ್ಯ ಐತ್ರಿ," ಎನ್ನುತ್ತಿದ್ದರು. ಗುರು ಆಗಲೂ ನವಣೆ ತಿನ್ನುತ್ತಿತ್ತು.